ಋಣವಿಲ್ಲದ ನೆಲ: ಒಂದು ಕಾಯ್ದೆಯ ವಿಮರ್ಶೆ

1

ನಮ್ಮ ಪತ್ರಿಕೆಗಳಲ್ಲಿ ಕವಿತೆಗೆ ವಿಮರ್ಶೆ ಬರುತ್ತದೆ, ಕಾದಂಬರಿಗೆ ಬರುತ್ತದೆ, ನಾಟಕಕ್ಕೂ ಬರುತ್ತದೆ. ಕಾಯ್ದೆಗೆ ಬರುವುದಿಲ್ಲ. ಕಾಯ್ದೆ ವಕೀಲರ ಪಾಲು, ಸಾಹಿತ್ಯ ನಮ್ಮ ಪಾಲು ಅಂತ ಯಾರೋ ಗೆರೆ ಎಳೆದರು. ನಾವೂ ಅದನ್ನು ಮರ್ಯಾದೆಯಿಂದ ಪಾಲಿಸಿಕೊಂಡು ಬಂದೆವು. ಊರಬಾವಿಯ ಗೆರೆ ದಾಟಿದವರು, ಗುಡಿಬಾಗಿಲ ಗೆರೆ ದಾಟಿದವರು ಈ ಒಂದು ಗೆರೆಯ ಮುಂದೆ ಮಾತ್ರ ಕೈಕಟ್ಟಿ ನಿಂತಿದ್ದೇವೆ. ಕೆಟ್ಟ ಕವಿತೆ ಹೆಚ್ಚೆಂದರೆ ಓದುಗನ ಹತ್ತು ನಿಮಿಷ ಹಾಳುಮಾಡುತ್ತದೆ. ಕೆಟ್ಟ ಕಾಯ್ದೆ 13 ಹಳ್ಳಿಗಳ ನಿದ್ದೆಯನ್ನು ಮೂರು ವರ್ಷ ಕೆಡಿಸುತ್ತದೆ. ಹೀಗಿರುವಾಗ ಯಾವುದನ್ನು ಹೆಚ್ಚು ಎಚ್ಚರದಿಂದ ಓದಬೇಕು?

ನಾನಿಲ್ಲಿ ಓದಹೊರಟಿರುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯನ್ನು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದ್ದು. ಆಗ ರಾಜ್ಯದ ಹೆಸರು ಮೈಸೂರು, ಕಾಯ್ದೆಯ ಹೆಸರಿನಲ್ಲೂ ಮೈಸೂರೇ ಇತ್ತು. ಕೆ.ಐ.ಎ.ಡಿ.ಬಿ. ಅಂತ ಜನ ಕರೆಯುವ ಮಂಡಳಿ ಹುಟ್ಟಿದ್ದು ಈ ಕಾಯ್ದೆಯ ಹೊಟ್ಟೆಯಲ್ಲಿ. ಹೆಬ್ಬಾಳ ದಾಟಿ ಯಲಹಂಕ, ಬಾಗಲೂರು, ದೇವನಹಳ್ಳಿವರೆಗೆ ಹೋಗಿ ಯಾವ ಹಳ್ಳಿಯ ಅರಳಿಕಟ್ಟೆಯಲ್ಲಾದರೂ ಕೇಳಿ. ತನ್ನ ಹೆಸರು ಬರೆಯಲು ಬಾರದ ಮುದುಕನ ಬಾಯಲ್ಲೂ ಈ ಐದು ಇಂಗ್ಲಿಷ್ ಅಕ್ಷರ ತಪ್ಪಿಲ್ಲದೆ ಬರುತ್ತವೆ.

ನಾನು ಈ ಕಾಯ್ದೆಯನ್ನು ಓದಲು ಕೂತದ್ದು ವಿದ್ವತ್ತಿಗಾಗಿ ಅಲ್ಲ. ನಮ್ಮೂರು ಯಲಹಂಕದಿಂದ ಆಚೆ, ವಿಮಾನಗಳು ತಗ್ಗಿನಲ್ಲಿ ಹಾರುವ ದಿಕ್ಕಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಊರಿಗೆ ನೋಟೀಸುಗಳು ಬಂದವು. ಕೇರಿಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ ಆದ್ದರಿಂದ ಊರಿನವರೂ ಅವತ್ತು ನಮ್ಮ ಜಗಲಿಗೆ ಬಂದರು, ಓದಿಸಿಕೊಂಡರು. ಸರ್ವೆ ನಂಬರು, ಎಕರೆ, ಗುಂಟೆ, ಖಾತೆದಾರರ ಹೆಸರು, ಅವರ ತಂದೆಯ ಹೆಸರು. ಎಲ್ಲ ಓದಿ ಮುಗಿಸಿದ ಮೇಲೆ ಅವ್ವ ಒಳಗಿಂದ ಕೇಳಿದಳು: "ಅದ್ರಲ್ಲಿ ನಮ್ಮೆಸ್ರು ಐತಾ?" ಇಲ್ಲ ಅಂದೆ. ನಮಗೆ ಜಮೀನಿಲ್ಲ. "ಸದ್ಯ, ಇಲ್ದಿದ್ರೆ ಒಳ್ಳೇದಾಯ್ತು ಬಿಡು" ಅಂದಳು. ಸರ್ಕಾರದ ಕಾಗದದಲ್ಲಿ ಹೆಸರು ಇಲ್ಲವೆಂದರೆ ತೊಂದರೆಯೂ ಇಲ್ಲ ಎಂಬುದು ಅವಳ ಅನುಭವ. ಅವಳು ಮೂವತ್ತು ವರ್ಷದಿಂದ ನಾಟಿ ಹಾಕಿದ್ದು, ಕಳೆ ಕಿತ್ತಿದ್ದು, ದ್ರಾಕ್ಷಿ ಗೊನೆ ಬಿಡಿಸಿದ್ದು, ಬದುವಿನ ಹುಲ್ಲು ಕೊಯ್ದು ಒಂದು ಹಸು ಸಾಕಿದ್ದು ಆ ನೋಟೀಸಿನಲ್ಲಿದ್ದ ಸರ್ವೆ ನಂಬರುಗಳಲ್ಲೇ. ಜಮೀನು ಹೋದರೆ ಖಾತೆದಾರನಿಗೆ ಪರಿಹಾರ ಬರುತ್ತದೆ, ಅವಳಿಗೆ ಕೆಲಸ ಹೋಗುತ್ತದೆ, ಅಷ್ಟೆ. ಇದನ್ನು ಅವಳಿಗೆ ಹೇಳಲು ಅವತ್ತು ನನಗೆ ಬಾಯಿ ಬರಲಿಲ್ಲ. ಈ ಲೇಖನ ಆ ಬಾಕಿ ಉತ್ತರ.

2

ಯಾವ ಕೃತಿಯನ್ನು ಓದುವಾಗಲೂ ನಾವು ಕೇಳುವ ಮೊದಲ ಪ್ರಶ್ನೆಗಳನ್ನೇ ಇಲ್ಲೂ ಕೇಳೋಣ. ಇಲ್ಲಿ ಮಾತಾಡುವವರು ಯಾರು? ಯಾರ ಬಗ್ಗೆ ಮಾತಾಡುತ್ತಾರೆ? ಇರಬೇಕಾಗಿದ್ದೂ ಕಾಣದೇ ಹೋದವರು ಯಾರು?

ಕಾಯ್ದೆಯ ಮುಖ್ಯ ಘಟನೆಗಳೆಲ್ಲ ನಡೆಯುವುದು ಏಳನೆಯ ಅಧ್ಯಾಯದ 28ನೆಯ ಕಲಮಿನಲ್ಲಿ. ಸರ್ಕಾರದ ಅಭಿಪ್ರಾಯದಲ್ಲಿ ಒಂದು ಜಮೀನು ಮಂಡಳಿಯ ಅಭಿವೃದ್ಧಿ ಕೆಲಸಕ್ಕೆ ಬೇಕಾಗಿದ್ದರೆ, ಅದನ್ನು ತೆಗೆದುಕೊಳ್ಳುವ ಉದ್ದೇಶವಿದೆ ಎಂದು ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬಹುದು. ಇದು ಮೊದಲನೆಯ ಉಪಕಲಂ. ಆಮೇಲೆ ಮಾಲೀಕನಿಗೆ, ಮಾಲೀಕನಲ್ಲದವನು ಅನುಭವದಲ್ಲಿದ್ದರೆ ಅವನಿಗೆ, ಆ ಜಮೀನಿನಲ್ಲಿ 'ಹಿತಾಸಕ್ತಿ' ಇದೆಯೆಂದು ಗೊತ್ತಿರುವ ಇತರರಿಗೆ ನೋಟೀಸು. ಜಮೀನನ್ನು ಯಾಕೆ ತೆಗೆದುಕೊಳ್ಳಬಾರದು ಎಂಬುದಕ್ಕೆ 30 ದಿನದೊಳಗೆ ಕಾರಣ ಹೇಳಿ ಅಂತ. ಕಾರಣ ಕೇಳಿಸಿಕೊಂಡ ಮೇಲೆ ಸರ್ಕಾರ ತನಗೆ ಸರಿಕಂಡ ಆದೇಶ ಮಾಡುತ್ತದೆ. ಮೊದಲು ಬೇಕು ಅಂದವನೂ ಸರ್ಕಾರ, ಬೇಡ ಅಂದ ಮಾತಿನ ಮೇಲೆ ತೀರ್ಪು ಕೊಡುವವನೂ ಸರ್ಕಾರ. ನಾಲ್ಕನೆಯ ಉಪಕಲಮಿನಲ್ಲಿ ಅಂತಿಮ ಘೋಷಣೆ. ಐದನೆಯದರಲ್ಲಿ ಜಮೀನು ಸರ್ಕಾರದ್ದಾಗಿ ಹೋಯಿತು. ಆರನೆಯದರಲ್ಲಿ, 30 ದಿನದೊಳಗೆ ಬಿಟ್ಟುಕೊಡಿ. ಏಳನೆಯದರಲ್ಲಿ, ಬಿಡದಿದ್ದರೆ ಬೇಕಾದಷ್ಟು ಬಲ ಬಳಸಿ ವಶಕ್ಕೆ ಪಡೆಯಬಹುದು.

ಇಲ್ಲಿ ಗಮನಿಸಬೇಕಾದ ಮೊದಲ ಸಂಗತಿ ಪ್ರಶ್ನೆಯ ಸ್ವರೂಪ. ಒಬ್ಬನ ಮನೆಗೆ ಹೋಗಿ ಅವನ ಹಸುವನ್ನು ಹಿಡಿದು ನಿಂತು, ಯಾಕೆ ಹೊಡೆದುಕೊಂಡು ಹೋಗಬಾರದು ಹೇಳು ಎಂದು ಕೇಳಿದರೆ ಅದನ್ನು ಊರಲ್ಲಿ ಏನೆಂದು ಕರೆಯುತ್ತಾರೋ ಎಲ್ಲರಿಗೂ ಗೊತ್ತು. ನ್ಯಾಯವಾಗಿ ಕಾರಣ ಹೇಳಬೇಕಾದವನು ಕೇಳಲು ಬಂದವನು. ಈ ಕಾಯ್ದೆಯಲ್ಲಿ ಕಾರಣ ಹೇಳುವ ಭಾರ ಕಳೆದುಕೊಳ್ಳುವವನ ತಲೆಯ ಮೇಲೆ ಕೂತಿದೆ.

ಎರಡನೆಯದು ಕಾಲದ ಲೆಕ್ಕ. ರೈತನಿಗೆ 30 ದಿನ. ಸರ್ಕಾರಕ್ಕೆ? 1894ರ ಬ್ರಿಟಿಷರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ಒಂದು ಗಡುವು ಸೇರಿಸಿದ್ದರು: ಘೋಷಣೆಯಾದ 2 ವರ್ಷದೊಳಗೆ ಪರಿಹಾರದ ಐತೀರ್ಪು ಆಗದಿದ್ದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತದೆ ಅಂತ. ಆ ಗಡುವು ನಮ್ಮ 1966ರ ಕಾಯ್ದೆಗೆ ಅನ್ವಯವಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಬಿಳಿಯರ ಕಾಯ್ದೆಯಲ್ಲಿ ಕೊನೆಗಾದರೂ ಸಿಕ್ಕಿದ್ದ ಒಂದು ಕಿಂಡಿ ನಮ್ಮವರ ಕಾಯ್ದೆಯಲ್ಲಿ ಇಲ್ಲ.

ಮೂರನೆಯದು ಭಾಷೆ. ಸರ್ಕಾರಿ ಕನ್ನಡದಲ್ಲಿ ಒಂದು ಪದವುಂಟು: ತಕ್ಕದ್ದು. ಹಾಜರಾಗತಕ್ಕದ್ದು, ಒಪ್ಪಿಸತಕ್ಕದ್ದು, ನಿಹಿತವಾಗತಕ್ಕದ್ದು. ನಮ್ಮ ಮನೆಮಾತಿನಲ್ಲಿ ತಕ್ಕದ್ದು ಅಂದರೆ ಸರಿಹೊಂದುವುದು, ಯೋಗ್ಯವಾದದ್ದು. ಮಾಡಿದ್ದಕ್ಕೆ ತಕ್ಕದ್ದು ಸಿಕ್ಕಿತು ಅನ್ನುತ್ತೇವೆ. ಕಾಯ್ದೆಯಲ್ಲಿ ಅದೇ ಪದ ಅಪ್ಪಣೆಯಾಗಿದೆ. ಯಾರಿಗೆ ತಕ್ಕದ್ದು ಎಂಬ ಪ್ರಶ್ನೆಯನ್ನು ನುಂಗಿಕೊಂಡು ಆ ಪದ ನಿಂತಿದೆ. ವಾಕ್ಯಗಳೆಲ್ಲ ಕರ್ಮಣಿ ಪ್ರಯೋಗ. ಜಮೀನು ತೆಗೆದುಕೊಳ್ಳಲ್ಪಡುತ್ತದೆ, ವಶಪಡಿಸಿಕೊಳ್ಳಲ್ಪಡುತ್ತದೆ, ವರ್ಗಾಯಿಸಲ್ಪಡುತ್ತದೆ. ತೆಗೆದುಕೊಳ್ಳುವ ಕೈ ಕಾಣುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡದು 'ಹಿತಾಸಕ್ತಿ' ಎಂಬ ಮಾತಿನ ಅರ್ಥ. ಪರಿಹಾರದಲ್ಲಿ ಪಾಲು ಕೇಳುವ ಹಕ್ಕುಳ್ಳವನೇ ಹಿತಾಸಕ್ತ. ಮಾಲೀಕನಿಗೆ ಆ ಹಕ್ಕಿದೆ. ಸಾಲ ಕೊಟ್ಟ ಬ್ಯಾಂಕಿಗೆ ಇದೆ, ಅಡಮಾನ ಹಿಡಿದ ಸಾಹುಕಾರನಿಗೆ ಇದೆ. ಅವ್ವನಿಗೆ ಇಲ್ಲ. ಅವಳಿಗೆ ಆ ನೆಲದಲ್ಲಿ ಇದ್ದದ್ದು ಕೂಲಿ. ಮೂವತ್ತು ವರ್ಷ ಬೆನ್ನು ಬಾಗಿಸಿದರೂ ಕೂಲಿ ಹಿತಾಸಕ್ತಿಯಾಗುವುದಿಲ್ಲ; ಒಂದು ಸಾರಿ ದುಡ್ಡು ಕೊಟ್ಟು ಕಾಗದ ಬರೆಸಿಕೊಂಡರೆ ಆಗುತ್ತದೆ.

3

28ನೆಯ ಕಲಮಿನ ಐದನೆಯ ಉಪಕಲಮನ್ನು ಬೇರೆಯಾಗಿಯೇ ಓದಬೇಕು. ಅಂತಿಮ ಘೋಷಣೆ ರಾಜ್ಯಪತ್ರದಲ್ಲಿ ಅಚ್ಚಾದ ಕೂಡಲೇ ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರಕ್ಕೆ ಸೇರುತ್ತದೆ ಎಂಬುದು ಅದರ ತಾತ್ಪರ್ಯ. 1894ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಐತೀರ್ಪಾಗಿ ಜಮೀನು ವಶಕ್ಕೆ ಬಂದ ಮೇಲೆ ಹಕ್ಕು ಸರ್ಕಾರಕ್ಕೆ ದಾಟುತ್ತಿತ್ತು. ಇಲ್ಲಿ ಪರಿಹಾರದ ಒಂದು ರೂಪಾಯಿ ಕೈಸೇರುವ ಮೊದಲೇ, ಎಷ್ಟು ಎಂಬುದು ಗೊತ್ತಾಗುವ ಮೊದಲೇ, ಅಚ್ಚಿನ ಮಸಿ ಒಣಗುವಷ್ಟರಲ್ಲಿ ಹಕ್ಕು ದಾಟಿಹೋಗುತ್ತದೆ. ಪರಿಹಾರದ ಮಾತು ಬರುವುದು 29ನೆಯ ಕಲಮಿನಲ್ಲಿ. ಒಪ್ಪಂದವಾದರೆ ಆ ದರ, ಆಗದಿದ್ದರೆ ಜಿಲ್ಲಾಧಿಕಾರಿ ನಿಗದಿಮಾಡಬೇಕು. ಆ ಹೊತ್ತಿಗೆ ಚೌಕಾಸಿ ಮಾಡುವವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಋಣಭಾರ ಎಂದು ವಕೀಲರು ಅನ್ನುವುದು ಅಡಮಾನ, ಸಾಲ, ಭೋಗ್ಯ ಇಂಥವನ್ನು. ಆದರೆ ಕನ್ನಡದಲ್ಲಿ ಋಣ ಎಂಬ ಮಾತು ಅಷ್ಟು ಸಣ್ಣದಲ್ಲ. ಅನ್ನದ ಋಣ, ಮಣ್ಣಿನ ಋಣ, ನೀರಿನ ಋಣ ಅನ್ನುತ್ತೇವೆ. ಸಾಯುವಾಗ ಋಣ ತೀರಿತು ಅನ್ನುತ್ತೇವೆ. ಒಂದು ಹೊಲದ ಮೇಲೆ ಎಷ್ಟು ಋಣಗಳಿರುತ್ತವೆ ಎಂದು ಲೆಕ್ಕ ಹಾಕಿ ನೋಡಿ. ನಾಟಿಯವಳದ್ದು, ಬಾವಿ ತೋಡಿದವನದ್ದು, ಬದು ಹಾಕಿದವನದ್ದು, ಸತ್ತ ದನ ಹೊತ್ತವನದ್ದು, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯ ಇಸಿದುಕೊಂಡವನದ್ದು. ಮಾಲೀಕ ಈ ಋಣಗಳನ್ನು ತೀರಿಸಿದನೇ ಎಂದು ಕೇಳಿದರೆ ಇಲ್ಲ ಅಂತಲೇ ಹೇಳಬೇಕು. ಅವನು ತೀರಿಸಲಿಲ್ಲ. ಆದರೆ ಕೇಳುವುದಕ್ಕೆ ಒಂದು ಬಾಗಿಲಾದರೂ ಇತ್ತು. ಕಾಯ್ದೆ ಬಂದು ಆ ಬಾಗಿಲನ್ನೇ ಕಿತ್ತುಹಾಕುತ್ತದೆ. ಇನ್ನು ಮುಂದೆ ಈ ನೆಲ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ ಎಂದು ರಾಜ್ಯಪತ್ರದಲ್ಲಿ ಅಚ್ಚು ಹಾಕುತ್ತದೆ.

ದಲಿತರಿಗೆ ಕೊಟ್ಟ ಮಂಜೂರಾತಿ ಜಮೀನಿನ ಕತೆ ಇನ್ನೂ ವಿಚಿತ್ರ. ಪರಿಶಿಷ್ಟರ ಜಮೀನು ಪರಭಾರೆಯಾಗದಂತೆ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಸುಪ್ರೀಂ ಕೋರ್ಟ್ 1984ರಲ್ಲಿ ಅದನ್ನು ಎತ್ತಿಹಿಡಿಯಿತು. ಆಮೇಲೆ ಬಹಳ ತಡವಾಗಿ ಅರ್ಜಿ ಹಾಕಿದಿರಿ ಎಂದು ಕೋರ್ಟುಗಳು ದಲಿತರನ್ನು ವಾಪಸು ಕಳಿಸತೊಡಗಿದಾಗ, ಸಂಘಟನೆಗಳು ಬೀದಿಗಿಳಿದು 2023ರಲ್ಲಿ ಕಾಲಮಿತಿಯಿಲ್ಲ ಎಂಬ ತಿದ್ದುಪಡಿ ತಂದವು. ಇದು ನಮ್ಮ ಚಳವಳಿಯ ದೊಡ್ಡ ಗೆಲುವು. ಆದರೆ ಈ ಕಾಯ್ದೆ ತಡೆಯುವುದು ಮಾರಾಟ, ಅಡಮಾನ, ಗುತ್ತಿಗೆಯಂಥ ಪರಭಾರೆಯನ್ನು. ಸರ್ಕಾರವೇ ಸ್ವಾಧೀನ ಮಾಡಿಕೊಂಡರೆ ಅದು ಪರಭಾರೆಯಲ್ಲ. ಗೌಡ ಬರುವ ಬಾಗಿಲಿಗೆ ಬೀಗ ಹಾಕಿದ್ದೇವೆ. ಸರ್ಕಾರ ಬರುವ ಬಾಗಿಲು ತೆರೆದೇ ಇದೆ. ಬಗರ್ ಹುಕುಂ ಮಾಡಿದವರ ಪಾಡು ಅದಕ್ಕಿಂತ ಕಡೆ. ನಮೂನೆ 50, 53, 57 ಅಂತ ಅರ್ಜಿ ಮೇಲೆ ಅರ್ಜಿ ಹಾಕಿ ಕೂತವರಿಗೆ ಸಾಗುವಳಿ ಚೀಟಿ ಬರುವ ಮೊದಲೇ ಅಧಿಸೂಚನೆ ಬಂದರೆ, ದಾಖಲೆಯಲ್ಲಿ ಅದು ಸರ್ಕಾರಿ ಜಮೀನು.

4

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಏಳಲೇಬೇಕು. ಹಾಗಾದರೆ ನಾವು ಕೈಗಾರಿಕೆಯ ವಿರೋಧಿಗಳೇ? ನೇಗಿಲು, ಹಳ್ಳಿ, ಹಸಿರು ಎಂದು ಹಾಡುತ್ತಾ ಕೇರಿಯಲ್ಲೇ ಇರುವುದು ನಮ್ಮ ಕನಸೇ?

ಅಲ್ಲ. ಈ ವಿಷಯದಲ್ಲಿ ಬಾಬಾಸಾಹೇಬರು ನಮಗೆ ಬಹಳ ಮೊದಲೇ ದಾರಿ ಹಾಕಿಕೊಟ್ಟಿದ್ದಾರೆ. 1918ರಲ್ಲಿ, ಇನ್ನೂ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನಲ್ಲಿ, ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಅವರೊಂದು ಪ್ರಬಂಧ ಬರೆದರು. ಹೊಲ ಚಿಕ್ಕದಾಗಿರುವುದೇ ರೋಗವಲ್ಲ, ಹೊಲದ ಮೇಲೆ ಕೆಲಸವಿಲ್ಲದೆ ಬಿದ್ದಿರುವ ಜನ ಹೆಚ್ಚಿರುವುದು ರೋಗ, ಅದಕ್ಕೆ ಮದ್ದು ಕೈಗಾರಿಕೀಕರಣ ಎಂಬುದು ಅವರ ವಾದದ ಸಾರ. ಹಳ್ಳಿಯನ್ನು ಅವರು ಎಂದೂ ಪೂಜಿಸಲಿಲ್ಲ. 1947ರಲ್ಲಿ ಸಂವಿಧಾನ ಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲಿ, ಮೂಲ ಕೈಗಾರಿಕೆಗಳು ಪ್ರಭುತ್ವದ ಒಡೆತನದಲ್ಲಿರಬೇಕು, ಬೇಸಾಯವೂ ಪ್ರಭುತ್ವದ ಉದ್ಯಮವಾಗಬೇಕು, ಭೂಹೀನ ಕೂಲಿ ಎಂಬ ವರ್ಗವೇ ಉಳಿಯದ ಹಾಗೆ ನೆಲವನ್ನು ಜಾತಿ ನೋಡದೆ ಊರಿನವರಿಗೆ ಗೇಣಿಗೆ ಕೊಡಬೇಕು ಎಂದು ಕೇಳಿದರು. ಅವರ ಕೈಗಾರಿಕೆಯ ನಡುವೆ ಇದ್ದವನು ಕೂಲಿಯವನು. 1966ರ ಕಾಯ್ದೆಯ ನಡುವೆ ಇರುವುದು ಸೈಟು.

ಉತ್ತರ ಬೆಂಗಳೂರಿನವರಿಗೆ ಈ ವ್ಯತ್ಯಾಸವನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಜಾಲಹಳ್ಳಿಗೆ 1953ರಲ್ಲಿ ಎಚ್.ಎಂ.ಟಿ. ಬಂತು, 1954ರಲ್ಲಿ ಬಿ.ಇ.ಎಲ್. ಬಂತು. ಯಲಹಂಕದಲ್ಲಿ ರೈಲಿನ ಗಾಲಿ ಅಚ್ಚು ಕಾರ್ಖಾನೆ 1984ರಲ್ಲಿ ಶುರುವಾಯಿತು. ಯಶವಂತಪುರದ ಪಕ್ಕದಲ್ಲಿ ಗಂಧದ ಸಾಬೂನಿನ ಕಾರ್ಖಾನೆ ಇತ್ತು, ಈಗಲೂ ಇದೆ. ಅಲ್ಲೂ ಹಳ್ಳಿಗಳ ನೆಲ ಹೋಯಿತು, ಅಲ್ಲೂ ಅನ್ಯಾಯಗಳಾದವು. ಆದರೆ ಅವು ಪ್ರಭುತ್ವದ ಕಾರ್ಖಾನೆಗಳು. ಅಲ್ಲಿ ಮೀಸಲಾತಿ ಬಂತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ, ಮೊದಲ ಕ್ವಾರ್ಟರ್ಸು, ಮೊದಲ ಗಡಿಯಾರ, ಮಕ್ಕಳಿಗೆ ಮೊದಲ ಕಾನ್ವೆಂಟು ಬಂದದ್ದು ಅಲ್ಲಿಂದ. ಕಾರ್ಖಾನೆಯ ಸೈರನ್ನು ಕೇರಿಯ ಕೆಲವರನ್ನಾದರೂ ಗೌಡರ ಕೂಗಿನಿಂದ ಬಿಡಿಸಿತು. ಬಾಬಾಸಾಹೇಬರು ಹೇಳಿದ್ದು ಸುಳ್ಳಲ್ಲ.

1966ರಲ್ಲಿ ಕಾಯ್ದೆ ಬರೆದಾಗ ಕೈಗಾರಿಕೆ ಎಂದರೆ ಕಣ್ಣ ಮುಂದೆ ಬರುತ್ತಿದ್ದದ್ದು ಇಂಥ ಚಿತ್ರ. 1997ರಲ್ಲಿ ಕಾಯ್ದೆಗೆ 'ಕೈಗಾರಿಕಾ ಮೂಲಸೌಕರ್ಯ' ಎಂಬ ಹೊಸ ಪದ ಸೇರಿತು. ಸಾರಿಗೆ, ಸಂಪರ್ಕ, ಬ್ಯಾಂಕು, ಮಾರುಕಟ್ಟೆ, ತಂತ್ರಜ್ಞಾನ ಪಾರ್ಕು, ವ್ಯಾಪಾರ ಮತ್ತು ಪ್ರವಾಸೋದ್ಯಮದ ಕೇಂದ್ರಗಳಿಗಾಗಿ ಟೌನ್‌ಶಿಪ್ಪು, ಇವೂ ಅದರೊಳಗೆ ಬಂದವು. ಸಾಲದ್ದಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿ ಸೇರಿಸುವ ಇನ್ನಾವುದೇ ಸೌಕರ್ಯವೂ ಬರಬಹುದು. ಪದದ ಬಾಯಿ ಇಷ್ಟು ದೊಡ್ಡದಾದ ಮೇಲೆ ಅದರೊಳಗೆ ಏನು ಬೇಕಾದರೂ ಹಿಡಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. 2008ರ ಮೇ 24ರಂದು ವಿಮಾನ ಹಾರಿತು. ಅದರ ಬೆನ್ನಿಗೆ ಏರೋಸ್ಪೇಸ್ ಪಾರ್ಕು. 2024ರ ಜನವರಿ 19ರಂದು ಪ್ರಧಾನಿ ಬಂದು ಅಲ್ಲಿ ಬೋಯಿಂಗ್ ಕಂಪನಿಯ ಕೇಂದ್ರ ಉದ್ಘಾಟಿಸಿದರು: 43 ಎಕರೆ, 1,600 ಕೋಟಿ ರೂಪಾಯಿ. ಅಲ್ಲಿ ಎಂಜಿನಿಯರುಗಳಿಗೆ ಒಳ್ಳೆಯ ಕೆಲಸ ಇದೆ, ಇರಲಿ, ಸಂತೋಷ. ಆದರೆ ಜಾಲಹಳ್ಳಿಯಲ್ಲಿ ಇದ್ದ ಮೀಸಲಾತಿ ಇಲ್ಲಿಲ್ಲ. ಕೇರಿಯ ಹುಡುಗನಿಗೆ ಗೇಟಿನಲ್ಲಿ ಗುತ್ತಿಗೆದಾರನ ಯೂನಿಫಾರಂ, ಕೇರಿಯ ಹೆಂಗಸಿಗೆ ಕಕ್ಕಸು ತೊಳೆಯುವ ಕೆಲಸ. ನಮ್ಮ ಊರಿನಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಹೆಬ್ಬಾಳ, ಆರ್.ಟಿ. ನಗರ, ಸಹಕಾರನಗರದ ಮನೆಗಳಿಗೆ ಕಸಮುಸುರೆಗೆ ಹೋಗುವವರು ಹತ್ತು ವರ್ಷದ ಹಿಂದೆ ಹೊಲಕ್ಕೆ ಹೋಗುತ್ತಿದ್ದವರೇ. ಕಲಂ 28ರ ಮೂಳೆ ಬದಲಾಗಲಿಲ್ಲ. ಅದು ಯಾರಿಗಾಗಿ ದುಡಿಯುತ್ತದೆ ಎಂಬುದು ಮಾತ್ರ ಬದಲಾಯಿತು.

5

ಒಂದು ಕೃತಿಯನ್ನು ಅರಿಯಲು ಅದೇ ಕಾಲದ ಬೇರೆ ಕೃತಿಗಳ ಪಕ್ಕದಲ್ಲಿಟ್ಟು ನೋಡಬೇಕು. ಕಾಯ್ದೆಗಳನ್ನೂ ಹಾಗೇ ನೋಡೋಣ.

1966ರ ಕಾಯ್ದೆಯಾದ ಎಂಟು ವರ್ಷಕ್ಕೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನಿಗೆ ಭೂಮಿ. ನಿಜವಾಗಿಯೂ ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡುವವನು ನಾನಲ್ಲ. ಆದರೆ ಅಲ್ಲಿ ಉಳುವವನು ಅಂದರೆ ಗೇಣಿದಾರ. ಗೇಣಿದಾರನ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೊಲೆಯ ಮಾದಿಗರು ಉಳುವವರ ಲೆಕ್ಕಕ್ಕೆ ಬರಲಿಲ್ಲ. ನೆಲ ಕೊಡುವ ಕಾಯ್ದೆಯಲ್ಲೂ ನೆಲ ಕಸಿಯುವ ಕಾಯ್ದೆಯಲ್ಲೂ ಕೂಲಿಯವರಿಗೆ ಜಾಗವಿಲ್ಲ. ಒಂದು ಪ್ರಗತಿಪರ, ಇನ್ನೊಂದು ಅಲ್ಲ ಎಂದು ನಾವು ಬೇರೆ ಮಾಡುತ್ತೇವೆ, ಸರಿ. ಕೇರಿಯಿಂದ ನೋಡಿದರೆ ಎರಡರಲ್ಲೂ ಖಾಲಿ ಬಿಟ್ಟ ಜಾಗ ಒಂದೇ. ಮುಂದೆ 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ಬೇಸಾಯಗಾರನಲ್ಲದವನೂ ಈಗ ಹೊಲ ಕೊಳ್ಳಬಹುದು, ಅವನ ಆದಾಯಕ್ಕೂ ಮಿತಿ ಇಲ್ಲ. ಹಾಗೆ ಕೊಳ್ಳಲು ದುಡ್ಡಿದ್ದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಹೋಲಿಕೆ. 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇಲ್ಲಿನ ಕೈಗಾರಿಕೆಗಳಲ್ಲಿ ಆಡಳಿತ ಹುದ್ದೆಗಳ ಶೇಕಡ 50, ಉಳಿದ ಹುದ್ದೆಗಳ ಶೇಕಡ 70 ಸ್ಥಳೀಯರಿಗೆ ಸಿಗಬೇಕು ಅಂತ. ಕಂಪನಿಗಳು ಗುಡುಗಿದವು. 17ಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಆ ಮಸೂದೆಯಲ್ಲಿ ದೋಷಗಳಿದ್ದವು. ಸ್ಥಳೀಯ ಎಂಬ ಮಾತಿನೊಳಗೆ ದಲಿತ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಅದರಲ್ಲೂ ನೇರ ಉತ್ತರವಿರಲಿಲ್ಲ. ಆದರೂ ಆಯುಸ್ಸನ್ನು ಗಮನಿಸಿ. ನೆಲ ತೆಗೆದುಕೊಳ್ಳುವ ಕಾಯ್ದೆ 1966ರಿಂದ ಬದುಕಿದೆ. ಕೆಲಸ ಕೊಡಿಸುವ ಮಸೂದೆ ಎರಡು ದಿನ ಬದುಕಿತು. ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಇದೇ ಕತೆ. ಕೆಲಸದ ಮಾತು ಯಾವಾಗಲೂ ವರದಿ, ನೀತಿ, ಸುತ್ತೋಲೆಗಳಲ್ಲಿರುತ್ತದೆ. ಸ್ವಾಧೀನದ ಮಾತು ಕಲಮಿನಲ್ಲಿರುತ್ತದೆ.

ಮೂರನೆಯ ಹೋಲಿಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಕೇಂದ್ರದಲ್ಲಿ 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು, 2014ರ ಜನವರಿ 1ರಿಂದ ಜಾರಿಯಾಯಿತು. ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ಶೇಕಡ 80 ಭೂಮಾಲೀಕರ ಒಪ್ಪಿಗೆ ಬೇಕು, ಖಾಸಗಿ ಮತ್ತು ಸರ್ಕಾರದ ಪಾಲುದಾರಿಕೆಯಾದರೆ ಶೇಕಡ 70. ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಅದರ 3ನೆಯ ಕಲಮಿನಲ್ಲಿ 'ಬಾಧಿತ ಕುಟುಂಬ' ಯಾವುದು ಎಂದು ವಿವರಿಸುವಾಗ, ಜಮೀನಿಲ್ಲದಿದ್ದರೂ ಸ್ವಾಧೀನಕ್ಕೆ ಮೊದಲು 3 ವರ್ಷ ಆ ಪ್ರದೇಶದಲ್ಲಿ ಕೂಲಿ ಮಾಡಿ ಬದುಕಿದ ಕುಟುಂಬವನ್ನೂ ಸೇರಿಸಿದ್ದಾರೆ. ಗೇಣಿದಾರ, ಪಾಲುದಾರ, ಕಸುಬುದಾರರನ್ನೂ ಸೇರಿಸಿದ್ದಾರೆ. ಅದನ್ನು ಓದಿದ ದಿನ ನಾನು ಆ ಪುಟವನ್ನು ಎರಡು ಸಾರಿ ಓದಿದೆ. ಅವ್ವ ಅಲ್ಲಿದ್ದಳು. ಹೆಸರಿರಲಿಲ್ಲ, ಆದರೆ ಅವಳೇ.

ಆದರೆ ಉತ್ತರ ಬೆಂಗಳೂರಿನಲ್ಲಿ ಭೂಮಿ ಹೋಗುವುದು ಆ ದಾರಿಯಲ್ಲಲ್ಲ. 1966ರ ಕಾಯ್ದೆಯ ದಾರಿಯಲ್ಲಿ ಹೋದರೆ ಒಪ್ಪಿಗೆಯ ಲೆಕ್ಕವೂ ಕಡ್ಡಾಯವಲ್ಲ, ಪರಿಣಾಮದ ಅಧ್ಯಯನವೂ ಕಡ್ಡಾಯವಲ್ಲ. ಸಾಲದೆಂಬಂತೆ 2019ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ಕಾಯ್ದೆಗೂ ತಿದ್ದುಪಡಿ ತಂದು, ಕೈಗಾರಿಕಾ ಕಾರಿಡಾರಿನಂಥ ಯೋಜನೆಗಳಿಗೆ ಆ ಅಧ್ಯಯನದಿಂದ ವಿನಾಯಿತಿ ಕೊಡಬಹುದು ಎಂದು ಮಾಡಿತು. ಎರಡು ಕಾಯ್ದೆಗಳಿವೆ. ಒಂದರಲ್ಲಿ ಕೂಲಿಯವಳಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಅವಳಿಲ್ಲದ ಕಾಯ್ದೆಯನ್ನೇ ಸರ್ಕಾರಗಳು ಕೈಗೆತ್ತಿಕೊಳ್ಳುತ್ತವೆ. ಯಾವ ಪಕ್ಷದ ಸರ್ಕಾರ ಎಂಬುದು ಇಲ್ಲಿ ಲೆಕ್ಕಕ್ಕೆ ಬಂದಿಲ್ಲ.

6

ಈಗ ಚನ್ನರಾಯಪಟ್ಟಣದ ಮಾತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಅಧಿಸೂಚನೆ ಹೊರಟಿತ್ತು. ರಾಗಿ, ತರಕಾರಿ, ದ್ರಾಕ್ಷಿ, ರೇಷ್ಮೆ, ಹಾಲು ಬರುವ ನೆಲ. 2022ರ ಏಪ್ರಿಲ್ 4ರಂದು ನಾಡಕಚೇರಿಯ ಎದುರು ಜನ ಧರಣಿ ಕೂತರು. ಸರ್ಕಾರ ಬದಲಾಯಿತು, ಧರಣಿ ಏಳಲಿಲ್ಲ. 2025ರ ಜೂನ್‌ನಲ್ಲಿ 3 ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ತೆಗೆದುಕೊಳ್ಳುತ್ತೇವೆ ಅಂದರು. ಜನ ಒಪ್ಪಲಿಲ್ಲ. ಜೂನ್ 25ರ ದೇವನಹಳ್ಳಿ ಚಲೋದಲ್ಲಿ ಪೊಲೀಸರು ಧರಣಿ ನಿರತರನ್ನು ಎಳೆದು ವ್ಯಾನಿಗೆ ಹಾಕಿದರು. ಸಂಯುಕ್ತ ಹೋರಾಟ ಕರ್ನಾಟಕದ ಅಡಿಯಲ್ಲಿ ರೈತರು, ದಲಿತರು, ಕಾರ್ಮಿಕರು, ಲೇಖಕರು ಫ್ರೀಡಂ ಪಾರ್ಕಿನಲ್ಲಿ ಸೇರಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವು ಎಂದರು. 1,198 ದಿನ. ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿ 8,000 ಎಕರೆ ಸಿದ್ಧವಿದೆ ಬನ್ನಿ ಎಂದು ಕಂಪನಿಗಳನ್ನು ಕರೆದರು. ಗಡಿಯಾಚೆಯ ಕೂಲಿಯವರನ್ನು ಕೇಳಿ ಕರೆದರೋ ಇಲ್ಲವೋ, ಅದು ಅಲ್ಲಿನ ಗೆಳೆಯರು ಕೇಳಬೇಕಾದ ಪ್ರಶ್ನೆ.

ಇದು ಗೆಲುವು. ನಮ್ಮ ಕಾಲದಲ್ಲಿ ಇಂಥ ಗೆಲುವು ಅಪರೂಪ. ಆದರೆ ವಿಮರ್ಶೆ ಗೆಲುವಿನ ದಿನವೂ ರಜೆ ಹಾಕಬಾರದು. ಅವತ್ತು ಹಿಂದೆ ಸರಿದದ್ದು ಒಂದು ಅಧಿಸೂಚನೆ. ಕಲಂ 28ರ ಒಂದು ಅಕ್ಷರವೂ ಅವತ್ತು ಅಳಿಸಲಿಲ್ಲ. ಸ್ವಇಚ್ಛೆಯಿಂದ ಕೊಡುವವರಿದ್ದರೆ ಹೆಚ್ಚಿನ ದರ, ಅಭಿವೃದ್ಧಿಪಡಿಸಿದ ನಿವೇಶನ ಕೊಟ್ಟು ತೆಗೆದುಕೊಳ್ಳುತ್ತೇವೆ ಎಂಬ ಮಾತೂ ಅದೇ ಘೋಷಣೆಯಲ್ಲಿತ್ತು. ಮಾಲೀಕ ತನ್ನಿಷ್ಟದಿಂದ ಕೊಟ್ಟರೆ ನಾವು ಬೇಡವೆನ್ನಲು ಯಾರು? ಆದರೆ ಆ ಸ್ವಇಚ್ಛೆಯಲ್ಲಿ ಕೂಲಿಯವಳ ಇಚ್ಛೆಗೆ ಯಾವ ಜಾಗ? ಬಲವಂತವಾಗಿ ಹೋದರೂ ಒಪ್ಪಿ ಹೋದರೂ ಅವಳ ಕೆಲಸ ಹೋಗುವುದು ಹೋಗುತ್ತದೆ.

ಈ ಮಾತನ್ನು ಸರ್ಕಾರಕ್ಕೆ ಮಾತ್ರ ಹೇಳಿ ಕೂರಲು ನನಗೆ ಆಗುತ್ತಿಲ್ಲ. ನಮ್ಮ ಸಾಹಿತ್ಯದ ಬಗ್ಗೆಯೂ ಹೇಳಬೇಕು. ಈ ಹೋರಾಟದ ಸುತ್ತ ನಾವು ಬರೆದ ಪದ್ಯಗಳನ್ನು ತೆಗೆದು ನೋಡಿ. ಭೂಮಿತಾಯಿ, ಅನ್ನದಾತ, ನೇಗಿಲು, ಬೆವರು. ನಾನೂ ಒಂದು ಬರೆದು ಸಭೆಯಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಊರಿಗೆ ಬಂದು ಕೇರಿಯಲ್ಲಿ ಓದಿದಾಗ ಹೆಂಗಸೊಬ್ಬಳು "ಯಾರ ಹೊಲದ ಮೇಲೆ ಬರ್ದಿದ್ದೀಯಪ್ಪ ಇದು?" ಅಂತ ಕೇಳಿದಳು. ಅದು ವ್ಯಂಗ್ಯವಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ಯಾರ ಹೊಲ ಎಂಬುದು ಗೊತ್ತಾಗದೆ ಅವಳಿಗೆ ಆ ಪದ್ಯ ಅರ್ಥವೇ ಆಗುತ್ತಿರಲಿಲ್ಲ. ನನ್ನ ಪದ್ಯದಲ್ಲಿ ಅನ್ನದಾತ ಒಬ್ಬನೇ ಇದ್ದ. ಅವನಿಗೆ ಹೊಲವಿತ್ತು, ಜೋಡೆತ್ತಿತ್ತು. ಕಾಯ್ದೆ ಬರೆದವನು ಬಿಟ್ಟುಬಿಟ್ಟಿದ್ದವರನ್ನೇ ನಾನೂ ಬಿಟ್ಟುಬಿಟ್ಟಿದ್ದೆ. ಅವನಿಗೆ ಗೊತ್ತಿಲ್ಲದೆ ಬಿಟ್ಟನೇನೋ. ನಾನು ಗೊತ್ತಿದ್ದೂ ಬಿಟ್ಟೆ. ಆ 13 ಹಳ್ಳಿಗಳ ಹೋರಾಟದಲ್ಲಿ ಮಂಜೂರಾತಿ ಜಮೀನಿನ ದಲಿತರೂ ಇದ್ದರು, ಜಮೀನೇ ಇಲ್ಲದ ಕೂಲಿಯವರೂ ಬಂದು ಕೂತಿದ್ದರು. ಧರಣಿಗೆ ಕೂತ ದಿನ ಅವರಿಗೆ ಕೂಲಿಯಿಲ್ಲ. ತಮ್ಮದಲ್ಲದ ನೆಲ ಉಳಿಸಲು ಕೂಲಿ ಬಿಟ್ಟು ಬಂದವರ ಮೇಲೆ ನಮ್ಮಲ್ಲಿ ಎಷ್ಟು ಪದ್ಯಗಳಿವೆ?

7

ಗೆಳೆಯರೆ, ವಿಮರ್ಶೆ ಕೊನೆಗೆ ಏನಾದರೂ ಕೆಲಸಕ್ಕೆ ಬರಬೇಕು. ಈ ಪತ್ರಿಕೆಯನ್ನು ಓದುವವರಲ್ಲಿ ಹಳ್ಳಿ ಮೇಷ್ಟ್ರುಗಳಿದ್ದೀರಿ, ಹಾಸ್ಟೆಲ್ಲಿನ ವಿದ್ಯಾರ್ಥಿಗಳಿದ್ದೀರಿ, ಸಂಘಟನೆಯವರಿದ್ದೀರಿ. ಮೂರು ಕೆಲಸ ನಮ್ಮ ಕೈಯಲ್ಲೇ ಇವೆ.

ಒಂದು, ಕಲಂ 28ನ್ನು ಕೇರಿಯಲ್ಲಿ ಕೂತು ಆಡುಮಾತಿನಲ್ಲಿ ಓದಿ ಹೇಳುವುದು. ನೋಟೀಸು ಬಂದ ಮೇಲೆ ಅಲ್ಲ, ಬರುವ ಮೊದಲು. ನೋಟೀಸು ಬಂದ ಮೇಲೆ 30 ದಿನವಷ್ಟೇ ಇರುತ್ತದೆ.

ಎರಡು, ಪಟ್ಟಿ ಮಾಡುವುದು. ಊರಿನ ಯಾವ ಸರ್ವೆ ನಂಬರಿನಲ್ಲಿ ಯಾರು ಎಷ್ಟು ವರ್ಷದಿಂದ ಕೂಲಿ ಮಾಡುತ್ತಿದ್ದಾರೆ, ಯಾರು ಪಾಲಿಗೆ ಮಾಡುತ್ತಿದ್ದಾರೆ, ಯಾರ ಹಸು ಯಾವ ಬದುವಿನಲ್ಲಿ ಮೇಯುತ್ತದೆ. ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ದಾಖಲು ಮಾಡಿಸಬೇಕು. ಕೇಂದ್ರದ ಕಾಯ್ದೆ ಕೇಳುವ 3 ವರ್ಷದ ಸಾಕ್ಷಿ ಇಂಥ ಪಟ್ಟಿಯಲ್ಲೇ ಹುಟ್ಟಬೇಕು. ಪಹಣಿಯಲ್ಲಿ ನಮ್ಮ ಹೆಸರಿಗೆ ಕಲಂ ಇಲ್ಲದಿದ್ದರೆ ನಮ್ಮದೇ ಒಂದು ಪಹಣಿ ಬರೆಯೋಣ.

ಮೂರು, ಬೇಡಿಕೆ. ಒಂದೊಂದು ಅಧಿಸೂಚನೆಯ ವಿರುದ್ಧ ಸಾವಿರ ದಿನ ಕೂರಲು ಎಲ್ಲ ಹಳ್ಳಿಗಳಿಂದ ಆಗದು. ಕಾಯ್ದೆಯೇ ಬದಲಾಗಬೇಕು. ಸ್ವಾಧೀನಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕು, ಪರಿಣಾಮದ ಅಧ್ಯಯನ ಬೇಕು. ಯಾಕೆ ಬೇಕು ಎಂದು ಸರ್ಕಾರ ಹೇಳಬೇಕೇ ಹೊರತು ಯಾಕೆ ಬೇಡ ಎಂದು ನಾವಲ್ಲ. ಪರಿಹಾರ ಕೈಸೇರದೆ ಹಕ್ಕು ದಾಟಬಾರದು. 'ಹಿತಾಸಕ್ತ' ಎಂಬ ಪದದೊಳಗೆ ಭೂಹೀನ ಕೂಲಿಯ ಹೆಸರು ಬರಬೇಕು. ನೆಲ ಪಡೆದ ಕಾರ್ಖಾನೆಯಲ್ಲಿ ಆ ಕುಟುಂಬಗಳಿಗೆ ಕಾಯಂ ಕೆಲಸ ಎಂಬುದು ಸುತ್ತೋಲೆಯಲ್ಲಲ್ಲ, ಕಲಮಿನಲ್ಲಿರಬೇಕು. ಇಷ್ಟಾದ ಮೇಲೆ ಕಾರ್ಖಾನೆ ಬರಲಿ. ನಮಗೂ ಬೇಕು.

ಹೋದ ತಿಂಗಳು ಊರಿಗೆ ಹೋದಾಗ ಆ ನೋಟ್‌ಬುಕ್ಕು ಶುರುಮಾಡಿದೆ. ಮೊದಲ ಹೆಸರು ಅವ್ವನದೇ ಬರೆಯೋಣ ಅಂತ ಎಷ್ಟು ವರ್ಷದಿಂದ, ಯಾವ ಯಾವ ಹೊಲ ಅಂತ ಕೇಳಿದೆ. ಅವಳು ಹೇಳುತ್ತಾ ಹೋದಳು. ಸರ್ವೆ ನಂಬರು ಅವಳಿಗೆ ಗೊತ್ತಿಲ್ಲ. ಹುಣಸೆಮರದ ಹೊಲ, ಕಲ್ಲುಬಾವಿ ಹೊಲ, ಹಾವು ಕಚ್ಚಿದ ಹೊಲ ಅಂತ ಹೇಳಿದಳು. ಹನ್ನೊಂದು ಹೊಲಗಳಾದವು. ಕೊನೆಗೆ, ಇದನ್ನು ಯಾರಿಗೆ ಕೊಡ್ತೀಯ ಅಂತ ಕೇಳಿದಳು. ಗ್ರಾಮಸಭೆಗೆ ಅಂದೆ. "ನಮ್ಮೆಸ್ರು ಬರೆದ್ರೆ ತೊಂದ್ರೆ ಆಗಲ್ವಾ?" ಅಂದಳು. ಆಗಬಹುದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರಿ ಅಂದಳು.